ಓದುಗರ ಪ್ರಶ್ನೆ: ಮೈತ್ರಿಗೆ ಹೊರಟವರು ಯಾವ ಬೆಟ್ಟ ಹತ್ತಬೇಕು?

ಪ್ರಶ್ನೆ: ಅಂಟಾರ್ಕ್ಟಿಕಾದಲ್ಲಿರುವ ಭಾರತದ ಮೈತ್ರಿ ಸಂಶೋಧನಾ ನಿಲ್ದಾಣದಲ್ಲಿ ಚಳಿಗಾಲ ಕಳೆಯುವ ತಂಡಕ್ಕೆ ವಾಹನ ಮೆಕ್ಯಾನಿಕ್ ಆಗಿ ಆಯ್ಕೆಯಾಗಿದ್ದೇನೆ. ಉತ್ತರಾಖಂಡದ ಔಲಿಯಲ್ಲಿ ನಡೆಯುವ ಹಿಮ ತರಬೇತಿಗೆ ಇನ್ನೂ ಮೂರು ತಿಂಗಳಿದೆ. ಗ್ಯಾರೇಜ್ ಕೆಲಸ ಬಿಟ್ಟರೆ ವ್ಯಾಯಾಮದ ರೂಢಿಯಿಲ್ಲ. ಅಷ್ಟರೊಳಗೆ ಹಿಮಾಲಯದಲ್ಲೊಂದು ಎತ್ತರದ ಟ್ರೆಕ್ ಮುಗಿಸಿಬಿಡು ಅಂತ ಗೆಳೆಯರು ಹೇಳುತ್ತಾರೆ. ಬೇಕೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಬೇಡ. ಮೈತ್ರಿ ಇರುವ ಶಿರ್ಮಾಕರ್ ಓಯಸಿಸ್ ಎಂಬ ಹಿಮವಿಲ್ಲದ ಕಲ್ಲುನೆಲ ಸಮುದ್ರಮಟ್ಟಕ್ಕಿಂತ ನೂರು ಚಿಲ್ಲರೆ ಮೀಟರ್ ಮೇಲಿದೆ, ಅಷ್ಟೇ. ನಿಮ್ಮ ಹುಬ್ಬಳ್ಳಿಯೇ ಅದರ ಐದು ಪಟ್ಟು ಎತ್ತರ. ಉಸಿರು ಕಟ್ಟುವ ಎತ್ತರದ ಸಮಸ್ಯೆ ಅಲ್ಲಿಲ್ಲ. ಔಲಿ ಮಾತ್ರ ಮೂರು ಸಾವಿರ ಮೀಟರಿನ ಆಸುಪಾಸಿನಲ್ಲಿದೆ. ಅದಕ್ಕೆ ಮೈ ಒಗ್ಗಿಸುವುದು, ಹಿಮದಲ್ಲಿ ಹೆಜ್ಜೆ ಇಡುವುದು, ಐಸ್ ಆಕ್ಸ್ (ಹಿಮಗೊಡಲಿ) ಹಿಡಿಯುವುದು, ಹಗ್ಗ ಕಟ್ಟಿಕೊಂಡು ನಡೆಯುವುದು, ಇದನ್ನೆಲ್ಲ ಐಟಿಬಿಪಿಯ (ಇಂಡೋ-ಟಿಬೆಟನ್ ಗಡಿ ಪೊಲೀಸ್) ತರಬೇತುದಾರರು ಅಲ್ಲೇ ಕಲಿಸುತ್ತಾರೆ. ನೀವು ಊರಿನಿಂದ ಒಯ್ಯಬೇಕಾದ್ದು ಹೊರೆ ಹೊತ್ತು ಏರುಪೇರಿನ ನೆಲದಲ್ಲಿ ಐದಾರು ತಾಸು ನಡೆಯುವ ಕಾಲು. ಜೊತೆಗೆ ಬೆವರದೆ ಕೆಲಸ ಮಾಡುವ ರೂಢಿ (ಯಾಕೆಂದು ಮುಂದಿನ ಉತ್ತರದಲ್ಲಿದೆ).

ವಾರದಲ್ಲಿ ಮೂರು ದಿನ ನಿಮ್ಮೂರಿನ ನೃಪತುಂಗ ಬೆಟ್ಟ, ಮುಕ್ಕಾಲು ತಾಸು. ಪಕ್ಕದವರ ಜೊತೆ ಮಾತಾಡುತ್ತ ಹತ್ತಲು ಆಗುವಷ್ಟೇ ವೇಗ ಸಾಕು. ಇನ್ನೆರಡು ದಿನ ಮನೆಯ ಮೆಟ್ಟಿಲು: ಅಂಚಿನಲ್ಲಿ ಒಂದು ಕಾಲ ಮೇಲೆ ನಿಂತು, ಇನ್ನೊಂದರ ಹಿಮ್ಮಡಿಯನ್ನು ಮೂರು ಎಣಿಸುವಷ್ಟು ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ತಾಗಿಸಿ ಮತ್ತೆ ಮೇಲೆತ್ತಿ. ಪ್ರತಿ ಕಾಲಿಗೆ 10ರಂತೆ ಮೂರು ಸುತ್ತು. ನಿಂತ ಕಾಲಿನ ಮೊಣಕಾಲು ಒಳಕ್ಕೆ ವಾಲಿದರೆ ಮೆಟ್ಟಿಲು ನಿಮಗೆ ಎತ್ತರವಾಯಿತು ಅಂತ ಅರ್ಥ, ತಗ್ಗಿನದು ಹುಡುಕಿ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಬರೀ ಹತ್ತುವ ಅಭ್ಯಾಸದಿಂದ ಈ ತಾಕತ್ತು ಬರುವುದಿಲ್ಲ. ಬೆಟ್ಟ ಹತ್ತಿ ಬಂದವರು ಮರುದಿನ ಮನೆಯ ಮೆಟ್ಟಿಲು ಇಳಿಯಲು ಪರದಾಡುವುದು ಅದಕ್ಕೇ.

ವಾರಾಂತ್ಯಕ್ಕೆ ಹೊರೆ. 5 ಕಿಲೋದಿಂದ ಶುರು ಮಾಡಿ ವಾರಕ್ಕೆ ಒಂದೊಂದೂವರೆ ಕಿಲೋ ಏರಿಸುತ್ತ 15ಕ್ಕೆ ನಿಲ್ಲಿಸಿ. ನಾಲ್ಕು ವಾರಕ್ಕೊಮ್ಮೆ ಅರ್ಧಕ್ಕೆ ಇಳಿಸಿ, ಮೊಣಕಾಲು ಚೇತರಿಸಿಕೊಳ್ಳಲಿ. ಕಲ್ಲು ತುಂಬಬೇಡಿ, ನೀರಿನ ಬಾಟಲಿ ತುಂಬಿ. ಲೀಟರಿಗೆ ಒಂದು ಕಿಲೋ, ತೂಕದ ಲೆಕ್ಕ ಸುಲಭ. ಮೊದಲ ಐದಾರು ವಾರ ತುದಿ ಮುಟ್ಟಿದ ಮೇಲೆ ಕುಡಿಯಲು ಬೇಕಾದಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಚೆಲ್ಲಿ ಹಗುರಾಗಿ ಇಳಿಯಬಹುದು. ಆಮೇಲೆ ಹೊತ್ತೇ ಇಳಿಯಿರಿ.

ಹತ್ತನೇ ವಾರದ ಹೊತ್ತಿಗೆ ಕುಮಾರ ಪರ್ವತ ಒಳ್ಳೆಯ ಪರೀಕ್ಷೆ. ಕುಕ್ಕೆ ಕಡೆಯಿಂದ ಒಂದು ದಿಕ್ಕಿಗೆ 12–13 ಕಿ.ಮೀ. ನಡಿಗೆ, ಸುಮಾರು ಒಂದೂವರೆ ಸಾವಿರ ಮೀಟರ್ ಏರು. 5 ಕಿ.ಮೀ.ಗೆ ಒಂದು ತಾಸು, 600 ಮೀಟರ್ ಏರಿಗೆ ಇನ್ನೊಂದು ತಾಸು ಅಂತ ಲೆಕ್ಕ ಹಾಕಿದರೆ ಬರಿಗೈಯಲ್ಲೇ ಐದು ತಾಸು. ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಮೊದಲೇ ಮಾಡಿಸಿ. ಕಾಡ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲೂ ಜೋರು ಮಳೆಯಲ್ಲೂ ದಾರಿ ಮುಚ್ಚಿರುತ್ತದೆ, ವಿಚಾರಿಸದೆ ಹೊರಡಬೇಡಿ. ಹಿಂದಿನ ರಾತ್ರಿ ಕಾಲುಗುರು ಕತ್ತರಿಸಿ. ಇಳಿಯುವ ಮುಂಚೆ ಶೂ ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೊತ್ತಿ, ಕಣಕಾಲಿನ ಹತ್ತಿರದ ಲೇಸು ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಹೆಬ್ಬೆರಳು ಶೂ ತುದಿಗೆ ಬಡಿದು ಬಡಿದು ಉಗುರು ಕಪ್ಪಾಗಿ ಉದುರುತ್ತದೆ.

ಪ್ರಶ್ನೆ: ಅಲ್ಲಿ ಚಳಿ, ಇಲ್ಲಿ ಸೆಕೆ. ಇಲ್ಲಿ ನಡೆದು ಚಳಿಗೆ ತಯಾರಾಗುವುದು ಹೇಗೆ? ತಣ್ಣೀರು ಸ್ನಾನ, ಐಸ್ ಬಕೆಟ್ ಏನಾದರೂ ಉಪಯೋಗವೇ? (ಶಿವಮೊಗ್ಗದ ಸಂಶೋಧನಾ ವಿದ್ಯಾರ್ಥಿನಿ, ಬೇಸಿಗೆ ತಂಡಕ್ಕೆ ಅರ್ಜಿ ಹಾಕಿದವರು)

ಉತ್ತರ: ಐಸ್ ಬಕೆಟ್ಟಿನಿಂದ ನಿಮಗೆ ಸಿಗುವುದು ಧೈರ್ಯವಷ್ಟೇ. ಧ್ರುವದಲ್ಲಿ ಚಳಿಗಿಂತ ಮೊದಲು ಕೆಡಿಸುವುದು ಬೆವರು. ಒದ್ದೆ ಬಟ್ಟೆ ಮೈಯ ಶಾಖವನ್ನು ಹೊರಗೆಳೆಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ. ಅದಕ್ಕೆ ಗಾಳಿ ಸೇರಿಸಿ: ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 36 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಮೈನಸ್ 33–34ರಷ್ಟು ಚಳಿ.

ಬೆವರದಿರುವುದನ್ನು ಮಲೆನಾಡಿನಲ್ಲೇ ಕಲಿಯಬಹುದು. ಮುಂಜಾನೆ ಮಂಜು, ಗಾಳಿ ಇರುವ ದಿನ ಮುಳ್ಳಯ್ಯನಗಿರಿಯಂಥ ಬೋಳು ಗುಡ್ಡ ಆರಿಸಿ. ಹೊರಡುವಾಗ ಸ್ವಲ್ಪ ಚಳಿಯೆನಿಸುವಷ್ಟೇ ಬಟ್ಟೆ ಇರಲಿ. ಹತ್ತು ನಿಮಿಷ ನಡೆದು ನಿಂತು, ಬ್ಯಾಗಿನ ಕೆಳಗೆ ಬೆನ್ನಿಗೆ ಕೈ ಹಾಕಿ ನೋಡಿ. ತೇವವಿದ್ದರೆ ಒಂದು ಪದರ ಬಿಚ್ಚಿ, ಇಲ್ಲವೇ ವೇಗ ತಗ್ಗಿಸಿ. ನಿಂತ ಕೂಡಲೇ ಮೊದಲು ಜಾಕೆಟ್, ಆಮೇಲೆ ನೀರು, ತಿಂಡಿ, ಫೋಟೊ. ಈ ಕ್ರಮ ಕೈಗೆ ತಾನಾಗಿ ಬರಬೇಕು. ಸೆಕೆಯ ದಿನ ಬೆವರದೆ ನಡೆಯುವುದಂತೂ ಯಾರಿಗೂ ಸಾಧ್ಯವಿಲ್ಲ, ಆಗ ತೂಕದ ಲೆಕ್ಕ ಇಡಿ: ನಡಿಗೆಗೆ ಮುಂಚೆ ಮತ್ತು ಆಮೇಲೆ ಒಣ ಬಟ್ಟೆಯಲ್ಲಿ ತೂಗಿ. ಕುಡಿದ ನೀರು ಒಂದು ಲೀಟರ್, ತೂಕ ಅರ್ಧ ಕಿಲೋ ಇಳಿದಿದೆ ಅಂದರೆ ಹೆಚ್ಚುಕಮ್ಮಿ ಒಂದೂವರೆ ಲೀಟರ್ ಬೆವರಿದ್ದೀರಿ. ಅದೇ ಬೆಟ್ಟವನ್ನು ನಿಧಾನವಾಗಿ ಹತ್ತಿ ಈ ಅಂಕಿ ಇಳಿಸುವುದೇ ಅಭ್ಯಾಸ. ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು, ಅದು ಹೀರಿದ ನೀರನ್ನು ಬಿಡುವುದಿಲ್ಲ. ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ.

ಪ್ರಶ್ನೆ: ಕೈಗವಸು ಹಾಕಿಕೊಂಡು ಸ್ಪ್ಯಾನರ್ ಹಿಡಿಯಲು ಆಗುತ್ತದೆಯೇ? (ಹುಬ್ಬಳ್ಳಿಯವರದೇ ಎರಡನೇ ಪ್ರಶ್ನೆ)

ಉತ್ತರ: ಆಗಲೇಬೇಕು. ಆ ಚಳಿಯಲ್ಲಿ ಬರಿಗೈಗೆ ಲೋಹ ಅಂಟಿಕೊಳ್ಳುತ್ತದೆ, ಕಿತ್ತರೆ ಚರ್ಮವೂ ಬರುತ್ತದೆ. ಇಂಧನ ಇನ್ನೂ ಅಪಾಯ: ಪೆಟ್ರೋಲು ಮೈನಸ್ 30ರಲ್ಲೂ ದ್ರವವಾಗೇ ಇರುತ್ತದೆ. ಅಷ್ಟು ತಣ್ಣಗಿರುವುದು ಕೈಮೇಲೆ ಚೆಲ್ಲಿ ಆವಿಯಾದರೆ ಚರ್ಮ ಹೆಪ್ಪುಗಟ್ಟಲು ಹೊತ್ತು ಬೇಕಿಲ್ಲ. ಈಗಿಂದಲೇ ಗ್ಯಾರೇಜಿನಲ್ಲಿ ತೆಳು ಉಣ್ಣೆ ಕೈಗವಸಿನ ಮೇಲೆ ದೊಗಳೆ ಚರ್ಮದ್ದೊಂದು ಹಾಕಿ 8 ಎಂ.ಎಂ. ಬೋಲ್ಟಿನ ನಟ್ಟು ಕೂರಿಸಿ, ಹೋಸ್ ಕ್ಲಿಪ್ ಬಿಗಿಮಾಡಿ. ಬೀಳುವ ನಟ್ಟಿಗೆ ಕೆಳಗೆ ಟ್ರೇ ಇಡುವ ಚಟ ಬೆಳೆಸಿಕೊಳ್ಳಿ, ಹಿಮದಲ್ಲಿ ಬಿದ್ದದ್ದು ಸಿಗುವುದಿಲ್ಲ. ನಡಿಗೆಯ ದಿನಗಳಲ್ಲಿ ಅದೇ ಕೈಗವಸಿನಲ್ಲಿ ಪರ್ವತಾರೋಹಿಗಳು ಹಗ್ಗಕ್ಕೆ ಹಾಕುವ ಫಿಗರ್ ಎಯ್ಟ್, ಪ್ರುಸಿಕ್ ಗಂಟು ಹಾಕಿ ಬಿಚ್ಚಿ. ಬ್ಯಾಗು, ಜಾಕೆಟ್ಟಿನ ಪ್ರತಿ ಜಿಪ್ಪಿಗೂ ಐದಾರು ಸೆಂ.ಮೀ. ದಾರದ ಕುಣಿಕೆ ಕಟ್ಟಿ. ಕೈಗವಸಿಗೂ ಮಣಿಕಟ್ಟಿಗೆ ದಾರ ಇರಲಿ, ಗಾಳಿಗೆ ಹಾರಿದರೆ ಅದರ ಹಿಂದೆ ಓಡಲಾಗುವುದಿಲ್ಲ.

ಪ್ರಶ್ನೆ: ಸೊಂಟಕ್ಕೆ ಟಯರ್ ಕಟ್ಟಿ ಎಳೆಯುವ ವಿಡಿಯೊಗಳನ್ನು ನೋಡಿದೆ. ನಾವೂ ಮಾಡಬೇಕೇ? (ಮೈಸೂರಿನ ಓದುಗರು)

ಉತ್ತರ: ಸ್ಕೀ ಹಾಕಿ ಜಾರುಬಂಡಿ ಎಳೆದುಕೊಂಡು ಧ್ರುವಕ್ಕೆ ಹೋಗುವವರ ಅಭ್ಯಾಸ ಅದು. ಮೈತ್ರಿಯಲ್ಲೂ ಅಲ್ಲಿನ ನಮ್ಮ ಇನ್ನೊಂದು ನಿಲ್ದಾಣ ಭಾರತಿಯಲ್ಲೂ ಭಾರದ ಸಾಮಾನು ಎಳೆಯುವುದು ಹಿಮದ ಮೇಲೆ ಓಡುವ ಪಿಸ್ಟನ್‌ಬುಲ್ಲಿಯಂಥ ವಾಹನಗಳು. ಬೆಟ್ಟ ಹತ್ತಿರವಿಲ್ಲದ ವಾರ ಮಾಡಿ, ನಷ್ಟವಿಲ್ಲ. ಸಣ್ಣ ಕಾರಿನ ಹಳೇ ಟಯರ್, 3 ಮೀಟರ್ ಹಗ್ಗ, ಬ್ಯಾಗಿನ ಸೊಂಟಪಟ್ಟಿ ಸಾಕು. ಹಗ್ಗ ಗಿಡ್ಡವಾದರೆ ಟಯರ್ ಎದ್ದು ಎದ್ದು ಬಿದ್ದು ಸೊಂಟಕ್ಕೆ ಜಗ್ಗುತ್ತದೆ. ಡಾಂಬರಿನ ಮೇಲೆ ಬೇಡ, ಮಣ್ಣಿನ ಮೈದಾನದಲ್ಲಿ 20 ನಿಮಿಷದಿಂದ ಶುರು ಮಾಡಿ.

ಪ್ರಶ್ನೆ: ಹೊರಡುವವರು ಮರೆಯುವ ಕೆಲಸ ಯಾವುದು?

ಉತ್ತರ: ಹಲ್ಲು. ಚಳಿಗಾಲ ಹಿಡಿದ ಮೇಲೆ ಹಡಗು, ವಿಮಾನ ನೆಚ್ಚುವಂತಿಲ್ಲ. ನಿಲ್ದಾಣದಲ್ಲಿ ವೈದ್ಯರಿರುತ್ತಾರೆ, ದಂತವೈದ್ಯರನ್ನು ನೆಚ್ಚಿಕೊಳ್ಳುವಂತಿಲ್ಲ. ಹುಳುಕು, ಸಡಿಲ ಫಿಲ್ಲಿಂಗ್, ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್ ಎಲ್ಲ ಎರಡು ತಿಂಗಳ ಮುಂಚೆಯೇ ಮುಗಿಸಿ. ಕೊನೇ ವಾರಕ್ಕೆ ಇಟ್ಟುಕೊಂಡರೆ ನೋವು ಮರುಕಳಿಸುತ್ತದೋ ಇಲ್ಲವೋ ನೋಡಲು ಸಮಯ ಉಳಿಯುವುದಿಲ್ಲ.