ಗಾಳದ ತುದಿಯ ಎಳೆ ಎಲ್ಲಿಡೋಣ?

ಹೊಳೆ ದಂಡೆಯ ಪ್ರಶ್ನೋತ್ತರ

ಹಿಂದಿನ ಸಂಚಿಕೆಯಲ್ಲಿ ಕೊಲರಾಡೋದ ಸೌತ್ ಪ್ಲಾಟ್ ಹೊಳೆಯ ಟ್ರೌಟ್ ಮೀನಿನ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಮೀನಿನ ಸುದ್ದಿ ಕಡಿಮೆ, ದಾರದ ಗೋಳೇ ಜಾಸ್ತಿ. ಹಾಗಾಗಿ ಈ ಸಲ ಬರೀ ಟಿಪ್ಪೆಟ್.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ಲೈ ಫಿಶಿಂಗ್‌ನಲ್ಲಿ ಎರೆಹುಳು ಸಿಕ್ಕಿಸುವುದಿಲ್ಲ. ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಹುಳುವಿನ ಹಾಗೆ ಮಾಡಿರುತ್ತಾರೆ, ಅದೇ ಫ್ಲೈ. ರೀಲಿನಿಂದ ಬರುವುದು ದಪ್ಪ ಲೈನ್. ಅದರ ಮುಂದೆ ಬರಬರುತ್ತಾ ಸಪೂರವಾಗುವ ಲೀಡರ್. ಲೀಡರಿನ ತುದಿಗೆ ಗಂಟು ಹಾಕಿದ ಎರಡು ಮೂರು ಅಡಿ ಎಳೆಯೇ ಟಿಪ್ಪೆಟ್. ಫ್ಲೈ ಕಟ್ಟುವುದು ಇದಕ್ಕೆ. ಫ್ಲೈ ಬದಲಿಸಿದಾಗಲೆಲ್ಲ ಒಂದಿಷ್ಟು ಕತ್ತರಿಸಿ ಹೋಗುತ್ತದೆ. ಅದಕ್ಕೇ ಸ್ಪೂಲುಗಟ್ಟಲೆ ಜೊತೆಗೆ ಒಯ್ಯಬೇಕು. ಸ್ಪೂಲಿನ ಮೇಲಿರುವ ಎಕ್ಸ್ ನಂಬರ್ ಎಳೆಯ ದಪ್ಪ ಹೇಳುತ್ತದೆ.

ಪ್ರಶ್ನೆ: ಅಕ್ಕ, ನಾನು ಹೊಸಬ. ಅಂಗಡಿಯವರು 2ಎಕ್ಸ್‌ನಿಂದ 7ಎಕ್ಸ್‌ವರೆಗೆ ಆರು ಸ್ಪೂಲ್ ಕೊಟ್ಟರು. ಎಲ್ಲವನ್ನೂ ವೆಸ್ಟಿನ ಜೇಬಿಗೆ ತುಂಬಿದರೆ ಹೊಳೆ ಮುಟ್ಟುವಷ್ಟರಲ್ಲಿ ಸಿಕ್ಕು. ದಾರದ ತುದಿಯೂ ಸಿಗುವುದಿಲ್ಲ. ಬೇಸರವಾಗಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿರುತ್ತೇನೆ, ಬೇಕಾದ್ದನ್ನು ಮಾತ್ರ ಎತ್ತಿಕೊಂಡು ಹೋಗುತ್ತೇನೆ. ಈಗ ಗಂಟು ಬಿಗಿಯುವಾಗಲೇ ದಾರ ತುಂಡಾಗುತ್ತಿದೆ. ಕೆಟ್ಟ ಮಾಲು ಕೊಟ್ಟರಾ?
— ಓದುಗ, ಅರೋರಾ, ಕೊಲರಾಡೋ

ಮಾಲು ಹೇಗಿತ್ತೋ, ಡ್ಯಾಶ್‌ಬೋರ್ಡ್ ಅದನ್ನು ಮುಗಿಸಿದೆ. ನೈಲಾನ್‌ಗೆ ಇಬ್ಬರು ಶತ್ರುಗಳು: ಬಿಸಿಲು, ಸೆಕೆ. ಬಿಸಿಲಿನ ಅತಿನೇರಳೆ ಕಿರಣ ನೈಲಾನಿನ ಒಳಗಿನ ಕಟ್ಟನ್ನೇ ಸಡಿಲ ಮಾಡುತ್ತದೆ. ನೋಡುವುದಕ್ಕೆ ದಾರ ಹೊಸದರ ಹಾಗೇ ಇರುತ್ತದೆ, ಎಳೆದರೆ ಪಟ್ ಅನ್ನುತ್ತದೆ. ನೀವು ಇರುವ ಊರೋ ಸಮುದ್ರಮಟ್ಟದಿಂದ 1,600 ಮೀಟರ್ ಮೇಲೆ. ಡೆಕರ್ಸ್ ಊರಿನ ಕಡೆ ಸೌತ್ ಪ್ಲಾಟ್ ಹೊಳೆ ಇನ್ನೂ ಎತ್ತರದಲ್ಲಿದೆ. ಎತ್ತರ ಹೋದಷ್ಟೂ ಈ ಕಿರಣ ಜೋರು. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಂಡು ದಾರವನ್ನು ಬಿಸಿಲಿಗೆ ಹಾಕಿದರೆ ಹೇಗೆ ಹೇಳಿ?

ಆ ಸ್ಪೂಲುಗಳನ್ನು ಒಮ್ಮೆ ಪರೀಕ್ಷೆ ಮಾಡಿ. ಒಂದಡಿ ಬಿಚ್ಚಿ, ಎರಡೂ ತುದಿಯನ್ನು ಕರವಸ್ತ್ರದ ಮೇಲೆ ಸುತ್ತಿಕೊಂಡು ನಿಧಾನಕ್ಕೆ ಎಳೆಯಿರಿ. ಬರಿಗೈಗೆ ಸುತ್ತಬೇಡಿ, ಚರ್ಮ ಕೊಯ್ಯುತ್ತದೆ. ಚೆನ್ನಾಗಿರುವ ನೈಲಾನ್ ಮೊದಲು ಸ್ವಲ್ಪ ಹಿಗ್ಗುತ್ತದೆ, ಆಮೇಲೆ ತುಂಡಾಗುತ್ತದೆ. ಸತ್ತ ದಾರ ಹಿಗ್ಗುವುದೇ ಇಲ್ಲ. ಹೊರಗಿನ ಸುತ್ತುಗಳು ಒಳಗಿನವಕ್ಕೆ ನೆರಳಾಗಿರುತ್ತವೆ. ಹಾಗಾಗಿ ಮೇಲಿನ ಒಂದೆರಡು ಮೀಟರ್ ತೆಗೆದು ಮತ್ತೆ ನೋಡಿ. ಆಗಲೂ ಹಾಗೇ ಆದರೆ ಇಡೀ ಸ್ಪೂಲ್ ಕಸಕ್ಕೆ. ರಾಡ್‌ಗೆ, ಬೂಟಿಗೆ, ಪೆಟ್ರೋಲಿಗೆ ಸುರಿಯುವ ದುಡ್ಡಿನ ಮುಂದೆ ಒಂದು ನೈಲಾನ್ ಸ್ಪೂಲಿನ ಬೆಲೆ ಏನೇನೂ ಅಲ್ಲ. ಆದರೂ ಜನ ಕೈಬಿಡಲು ಒದ್ದಾಡುವುದು ಇದನ್ನೇ! ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚುತ್ತೀರಿ ತಾನೇ? ಒಣ ಗಂಟು ಎಳೆದರೆ ಉಜ್ಜಿದ ಬಿಸಿಗೇ ಹೊಸ ದಾರವೂ ಸೋಲುತ್ತದೆ.

ಈಗ ಆರು ಸ್ಪೂಲಿನ ವಿಷಯ. ಎಕ್ಸ್ ಲೆಕ್ಕ ಸುಲಭ. 11ರಲ್ಲಿ ಎಕ್ಸ್ ನಂಬರ್ ಕಳೆಯಿರಿ. ಉಳಿದದ್ದು ಇಂಚನ್ನು ಸಾವಿರ ಪಾಲು ಮಾಡಿದರೆ ಎಷ್ಟು ಪಾಲು ದಪ್ಪ ಅನ್ನೋದು. 5ಎಕ್ಸ್ ಅಂದರೆ 0.006 ಇಂಚು, ಸುಮಾರು 0.15 ಮಿಲಿಮೀಟರ್. 6ಎಕ್ಸ್ ಅಂದರೆ 0.005 ಇಂಚು. ಯಾವ ಫ್ಲೈಗೆ ಯಾವ ಎಳೆ? ಕೊಕ್ಕೆಯ ನಂಬರನ್ನು (ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು) ಮೂರರಿಂದ ಭಾಗಿಸಿ. 18ರ ಕೊಕ್ಕೆಗೆ 6ಎಕ್ಸ್, 12ಕ್ಕೆ 4ಎಕ್ಸ್. ಇದು ಅಂದಾಜು, ಶಾಸನ ಅಲ್ಲ. ಸೌತ್ ಪ್ಲಾಟ್‌ನ ಚೀಸ್‌ಮನ್ ಅಣೆಕಟ್ಟಿನ ಕೆಳಗೆ ನೀರು ಗಾಜಿನಷ್ಟು ತಿಳಿ. ಅಲ್ಲಿನ ಮೀನು ಓದು ಬರಹ ಕಲಿತ ಮೀನು. ರಿಮ್ ಚುಂಗ್ ಅನ್ನುವವರು ಇದೇ ಹೊಳೆಗಾಗಿ ರೂಪಿಸಿದ ಆರ್‌ಎಸ್2 ಅನ್ನುವ ಪುಟಾಣಿ ಫ್ಲೈ ಇದೆ. 20, 22ರ ಕೊಕ್ಕೆಗೆ ಕಟ್ಟುತ್ತಾರೆ. ಅದಕ್ಕೆ 6ಎಕ್ಸ್ ಬೇಕೇ ಬೇಕು. 2ಎಕ್ಸ್‌ಗೆ ಅಲ್ಲಿ ಕೆಲಸವೇ ಇಲ್ಲ, ಮನೆಯಲ್ಲಿರಲಿ.

ನನ್ನ ಎದೆಚೀಲದಲ್ಲಿ ಇರುವುದು ನಾಲ್ಕೇ: ನೈಲಾನ್ 4ಎಕ್ಸ್ ಮತ್ತು 5ಎಕ್ಸ್, ಫ್ಲೂರೋಕಾರ್ಬನ್ 5ಎಕ್ಸ್ ಮತ್ತು 6ಎಕ್ಸ್. ಫ್ಲೂರೋಕಾರ್ಬನ್ ನೈಲಾನಿಗಿಂತ ತೂಕ, ನೀರಿನಲ್ಲಿ ಬೇಗ ಇಳಿಯುತ್ತದೆ. ಮುಳುಗುವ ಫ್ಲೈಗೆ ಅದು, ತೇಲುವ ಫ್ಲೈಗೆ ನೈಲಾನ್. ಫ್ಲೂರೋಕಾರ್ಬನ್‌ಗೆ ಬಿಸಿಲು ಅಷ್ಟಾಗಿ ತಾಗುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಬೆಲೆ ಮಾತ್ರ ನೈಲಾನಿನ ಎರಡು ಮೂರು ಪಟ್ಟು. ಹಾಗಂತ ಎಲ್ಲವನ್ನೂ ಅದರಲ್ಲೇ ಕೊಳ್ಳುವುದು ಸುಮ್ನೆ ದಂಡ.

ಒಯ್ಯುವುದು ಹೇಗೆ? ಅಂಗಡಿಯಲ್ಲಿ ಟಿಪ್ಪೆಟ್ ಹೋಲ್ಡರ್ ಅಂತ ಸಿಗುತ್ತದೆ. ಒಂದು ಸಣ್ಣ ಕಡ್ಡಿ ಅಥವಾ ಬಳ್ಳಿ, ಅದಕ್ಕೆ ಸ್ಪೂಲುಗಳನ್ನು ಪೋಣಿಸುವುದು, ಅಷ್ಟೇ. ಅದಕ್ಕೆ ದುಡ್ಡು ಕೊಡುವ ಮುಂಚೆ ಮನೆಯ ಹೊಲಿಗೆ ಡಬ್ಬಿ ತೆಗೆದು ನೋಡಿ. ನನ್ನದು ಒಂದು ಗೇಣು ಬೂಟಿನ ಲೇಸು. ಒಂದು ತುದಿಗೆ ಕೋಟಿನ ದೊಡ್ಡ ಗುಂಡಿ, ಇನ್ನೊಂದು ತುದಿಗೆ ಜಾಕೆಟ್ಟಿನ ಟೋಪಿಯಲ್ಲಿರುತ್ತಲ್ಲ, ಒತ್ತಿದರೆ ಜಾರುವ ಸ್ಪ್ರಿಂಗ್ ಕ್ಲಿಪ್ಪು, ಅದು. ಹಳೆ ಜಾಕೆಟ್ಟಿನಿಂದ ಕಿತ್ತಿದ್ದು. ಸ್ಪೂಲುಗಳು ಒಂದಕ್ಕೊಂದು ಒತ್ತಿಕೊಂಡಿರಬೇಕು, ಆದರೆ ತಿರುಗಬೇಕು. ಸಡಿಲ ಬಿಟ್ಟರೆ ನಡುವಿನ ಸಂದಿಗೆ ದಾರ ಇಳಿಯುತ್ತದೆ, ಸಿಕ್ಕು ಶುರುವಾಗುವುದೇ ಅಲ್ಲಿ. ಒಂದೇ ಕಂಪನಿಯ ಸ್ಪೂಲುಗಳಾದರೆ ಸಾಮಾನ್ಯವಾಗಿ ಒಂದರೊಳಗೊಂದು ಕೂರುತ್ತವೆ. ಬೇರೆ ಬೇರೆಯಾದರೆ ಕೂರುವುದಿಲ್ಲ. ಅದಕ್ಕೆ ಕಂಪನಿ ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಪೋಣಿಸುವಾಗ ದಪ್ಪದಿಂದ ಸಪೂರಕ್ಕೆ, ಮೈಯ ಕಡೆ ದಪ್ಪದ್ದು. ಎಲ್ಲದರ ದಾರವೂ ಒಂದೇ ಕಡೆಗೆ ಬಿಚ್ಚಿಕೊಳ್ಳಬೇಕು. ಮೊಣಕಾಲು ನೀರಿನಲ್ಲಿ ನಿಂತು, ಕಂಕುಳಲ್ಲಿ ರಾಡ್ ಸಿಕ್ಕಿಸಿಕೊಂಡು, ಹಲ್ಲಲ್ಲಿ ಫ್ಲೈ ಹಿಡಿದಾಗ ನೋಡಿ ಹುಡುಕುವುದಕ್ಕೆ ಆಗುವುದಿಲ್ಲ. ಬೆರಳಿಗೇ ಗೊತ್ತಿರಬೇಕು.

ತುದಿ ಕಳೆದುಹೋಗುವ ರೋಗಕ್ಕೆ ಮದ್ದು ಸ್ಪೂಲಿನ ಎಲಾಸ್ಟಿಕ್ ಪಟ್ಟಿಯಲ್ಲೇ ಇದೆ. ಅದರಲ್ಲಿ ಒಂದು ಸಣ್ಣ ತೂತು ಇರುತ್ತದೆ. ತುದಿ ಅದರಿಂದ ಹೊರಗೆ ಬರಬೇಕು. ಬಹಳ ಜನ ಪಟ್ಟಿ ಸರಿಸಿ ಅಡಿಯಿಂದ ಎಳೆದುಕೊಂಡು, ಬೇಕಾದಷ್ಟು ಕತ್ತರಿಸಿ ಬಿಡುತ್ತಾರೆ. ಉಳಿದ ತುದಿ ಹಿಂದಕ್ಕೆ ಸರಿದು ಪಟ್ಟಿಯ ಕೆಳಗೆ ಅಡಗುತ್ತದೆ. ತೂತಿನಿಂದ ಎರಡು ಇಂಚು ಹೊರಗೆ ಉಳಿಯುವ ಹಾಗೆ ಕತ್ತರಿಸಿ, ಆ ಎರಡು ಇಂಚನ್ನು ಪಟ್ಟಿಯ ಅಡಿಗೆ ಒಮ್ಮೆ ಸಿಕ್ಕಿಸಿಬಿಡಿ. ಎಲಾಸ್ಟಿಕ್ ಸಡಿಲವಾಗಿದ್ದರೆ ಖಾಲಿ ಸ್ಪೂಲಿನದ್ದನ್ನು ತೆಗೆದು ಹಾಕಿ. ಖಾಲಿಯಾದರೂ ಪಟ್ಟಿ ಎಸೆಯಬಾರದು.

ಹೋಲ್ಡರನ್ನು ಚೀಲದ ಹೊರಗೆ ತೂಗುಹಾಕಿಕೊಂಡು ಓಡಾಡುವವರನ್ನು ಚೀಸ್‌ಮನ್ ಕಣಿವೆಗೆ ಇಳಿಯುವ ಗಿಲ್ ಟ್ರೇಲ್ ಕಾಲುದಾರಿಯಲ್ಲಿ ಬೇಕಾದಷ್ಟು ನೋಡಬಹುದು. ಕೈಗೆ ಬೇಗ ಸಿಗುತ್ತದೆ, ನಿಜ. ಬಿಸಿಲಿಗೂ ಅಷ್ಟೇ ಬೇಗ ಸಿಗುತ್ತದೆ, ಪೊದೆಗೂ ಸಿಗುತ್ತದೆ. ನನ್ನದು ಚೀಲದ ಒಳಗೇ, ಜಿಪ್ಪಿನ ಪಕ್ಕ. ಮನೆಗೆ ಬಂದ ಮೇಲೆ ಒದ್ದೆಯಾಗಿದ್ದರೆ ಪಟ್ಟಿ ತೆಗೆದು ನೆರಳಲ್ಲಿ ಆರಿಸಿ, ಬೀರುವಿನೊಳಗೆ ಶೂ ಡಬ್ಬಿಯಲ್ಲಿಡಿ. ಗ್ಯಾರೇಜ್ ಬೇಡ, ಬೇಸಿಗೆಯಲ್ಲಿ ಅದೂ ಡ್ಯಾಶ್‌ಬೋರ್ಡಿನ ತಮ್ಮನೇ. ಕೊಂಡ ದಿನವೇ ಮಾರ್ಕರ್ ಪೆನ್ನಿನಲ್ಲಿ ಸ್ಪೂಲಿನ ಮೇಲೆ ತಿಂಗಳು, ವರ್ಷ ಬರೆಯಿರಿ. ನೈಲಾನ್ ಎರಡು ಸೀಸನ್ ದಾಟಿದರೆ ನಾನು ಇಟ್ಟುಕೊಳ್ಳುವುದಿಲ್ಲ.

ಪ್ರಶ್ನೆ: ಮೇಡಂ, ಇಲ್ಲಿ ಹಳೆ ಸಾಮಾನಿನ ಸಂತೆಯಲ್ಲಿ ಒಂದು ದುಂಡನೆಯ ಅಲ್ಯೂಮಿನಿಯಂ ಡಬ್ಬಿ ಸಿಕ್ಕಿತು. ಒಳಗೆ ದಪ್ಪ ಉಣ್ಣೆಬಟ್ಟೆಯ ಬಿಲ್ಲೆಗಳು. ಗಾಳದವರ ಡಬ್ಬಿ ಅಂದರು. ಏನಿದು? ಟಿಪ್ಪೆಟ್ ಇಡಬಹುದಾ?
— ಓದುಗರು, ರೆಡಿಂಗ್, ಇಂಗ್ಲೆಂಡ್

ಅದೃಷ್ಟವಂತರು ನೀವು. ಅದು ನೈಲಾನ್ ಬರುವ ಮುಂಚಿನ ಕಾಲದ್ದು. ಆಗ ಈ ತುದಿಯ ಎಳೆ ರೇಷ್ಮೆ ಹುಳುವಿನಿಂದ ಬರುತ್ತಿತ್ತು. ರೇಷ್ಮೆ ನೂಲಿನಿಂದ ಅಲ್ಲ, ಹುಳುವಿನಿಂದಲೇ. ಸ್ಪೇನಿನ ಮುರ್ಸಿಯಾ ಪ್ರಾಂತ್ಯ ಈ ಕಸುಬಿಗೆ ಹೆಸರುವಾಸಿಯಾಗಿತ್ತು. ನಮ್ಮ ರಾಮನಗರದ ಕಡೆಯವರಿಗೆ ಬೇಗ ಅರ್ಥವಾಗುತ್ತದೆ: ಹುಳು ಹಣ್ಣಾಗಿ, ಗೂಡು ಕಟ್ಟಲಿ ಅಂತ ಚಂದ್ರಿಕೆಗೆ ಬಿಡುವ ಹೊತ್ತು ಇದೆಯಲ್ಲ, ಆಗ ಮುರ್ಸಿಯಾದವರು ಅದನ್ನು ವಿನೆಗರಿನಲ್ಲಿ ಹಾಕುತ್ತಿದ್ದರು. ಆಮೇಲೆ ಹೊಟ್ಟೆ ಸೀಳಿ ರೇಷ್ಮೆ ಗ್ರಂಥಿಯನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ಎಳೆದರೆ ಒಂದೇ ಗಟ್ಟಿ ಎಳೆ. ಗೂಡು ಕಟ್ಟುವ ಮಾತೇ ಇಲ್ಲ. ಒಂದೊಂದು ಎಳೆ ಒಂದಡಿ, ಒಂದೂವರೆ ಅಡಿ ಬಂದರೆ ಹೆಚ್ಚು. ಹಾಗಾಗಿ ಲೀಡರ್ ಅಂದರೆ ಗಂಟಿನ ಮೇಲೆ ಗಂಟು. ಇನ್ನೂ ಸಪೂರ ಬೇಕಾದರೆ ತೂತಿನ ತಗಡಿನ ಮೂಲಕ ಎಳೆದು ಹೆರೆಯುತ್ತಿದ್ದರು. ನಾವು ಇವತ್ತಿಗೂ ಹೇಳುವ ಎಕ್ಸ್ ನಂಬರ್ ಆ ಎಳೆತದಿಂದಲೇ ಬಂದದ್ದು.

ಈ ಎಳೆಯ ಸ್ವಭಾವ ವಿಚಿತ್ರ. ಒಣಗಿದ್ದರೆ ಪಟಕ್ಕನೆ ಮುರಿಯುತ್ತದೆ, ಗಂಟು ಕಟ್ಟುವುದಕ್ಕೇ ಬರುವುದಿಲ್ಲ. ನೆನೆದರೆ ಮೆತ್ತಗಾಗಿ ಬಲ ಬರುತ್ತದೆ. ಅದಕ್ಕೇ ಆ ಉಣ್ಣೆಯ ಬಿಲ್ಲೆಗಳು. ಬಿಲ್ಲೆ ಒದ್ದೆ ಮಾಡಿ, ನಡುವೆ ಎಳೆ ಸುತ್ತಿಟ್ಟು, ಡಬ್ಬಿ ಮುಚ್ಚಿ ಜೇಬಿಗೆ ಹಾಕಿಕೊಂಡು ಹೊಳೆಗೆ ಹೋಗುತ್ತಿದ್ದರು. 1938ರಲ್ಲಿ ಡುಪಾಂಟ್ ಕಂಪನಿ ನೈಲಾನ್ ಪ್ರಕಟಿಸಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹುಳುವಿನ ಎಳೆ ಮೂಲೆ ಸೇರಿತು, ನಿಮ್ಮ ಡಬ್ಬಿಯೂ ಸಂತೆ ಸೇರಿತು.

ಈಗಿನ ಟಿಪ್ಪೆಟ್ ಇಡಬಹುದಾ ಅಂದರೆ, ಒದ್ದೆ ಬಿಲ್ಲೆಯ ಜೊತೆ ಖಂಡಿತ ಬೇಡ. ನೈಲಾನ್ ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಹುಳುವಿನ ಎಳೆಗೆ ಯಾವುದು ಪ್ರಾಣವೋ ನೈಲಾನಿಗೆ ಅದೇ ತೊಂದರೆ. ಬಿಲ್ಲೆಗಳನ್ನು ತೆಗೆದು ಬೇರೆ ಇಟ್ಟು, ಒಣ ಡಬ್ಬಿಯಲ್ಲಿ ಕಟ್ಟಿ ತಯಾರಾದ ಲೀಡರ್ ಸುತ್ತಿಡಿ. ಬೆಳಕು ಒಳಗೆ ಹೋಗದ ಡಬ್ಬಿ, ಅಷ್ಟರಮಟ್ಟಿಗೆ ಒಳ್ಳೆಯದೇ. ಒಳಗೆ ಹಳೆ ಎಳೆ ಏನಾದರೂ ಉಳಿದಿದ್ದರೆ ಎಳೆದು ನೋಡಬೇಡಿ, ಮುರಿಯುತ್ತದೆ. ಹಾಗೇ ಇರಲಿ, ಮಕ್ಕಳಿಗೆ ತೋರಿಸಿ.

ಪ್ರಶ್ನೆ: ಬೇಸಿಗೆ ರಜೆಗೆ ಹಿಮಾಚಲದ ತೀರ್ಥನ್ ಹೊಳೆಗೆ ಹೊರಟಿದ್ದೇವೆ. ಅಮೆರಿಕದಿಂದ ಭಾವ 2019ರಲ್ಲಿ ತಂದುಕೊಟ್ಟ ನೈಲಾನ್ ಟಿಪ್ಪೆಟ್ ಇದೆ, ಬಿಚ್ಚಿಯೇ ಇಲ್ಲ. ನಡೆಯುತ್ತಾ?
— ಓದುಗರು, ಜಯನಗರ, ಬೆಂಗಳೂರು

ಬೀರುವಿನ ಕತ್ತಲಲ್ಲಿ ಇತ್ತಾ, ಅಟ್ಟದ ಮೇಲಿತ್ತಾ? ಅದರ ಮೇಲೆ ಹೋಗುತ್ತದೆ. ಮೇಲೆ ಹೇಳಿದ ಹಾಗೆ ಎಳೆದು ನೋಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಅದನ್ನು ಮನೆಯಲ್ಲಿ ಗಂಟು ಕಲಿಯುವುದಕ್ಕೆ ಇಟ್ಟುಕೊಂಡು ಹೊಸದು ಕೊಳ್ಳುತ್ತಿದ್ದೆ. ಭಾವನಿಗೆ ಹೇಳಬೇಕಿಲ್ಲ. ತೀರ್ಥನ್‌ನಲ್ಲಿ ಮುಖ್ಯವಾಗಿ ಬ್ರೌನ್ ಟ್ರೌಟ್. ನೀರು ರಭಸ, ಬಂಡೆ ಜಾಸ್ತಿ, 4ಎಕ್ಸ್ ಮತ್ತು 5ಎಕ್ಸ್ ಸಾಕು. ದಾರ ಬಂಡೆಗೆ ಉಜ್ಜುತ್ತದೆ, ಆಗಾಗ ಬೆರಳ ನಡುವೆ ಎಳೆದು ನೋಡಿ, ಒರಟು ಸಿಕ್ಕಿದರೆ ಅಲ್ಲಿಗೇ ಕತ್ತರಿಸಿ. ಒಂದೊಂದರಲ್ಲಿ ಎರಡು ಸ್ಪೂಲ್ ಇರಲಿ, ಅಲ್ಲಿ ಹಳ್ಳಿ ಅಂಗಡಿಯಲ್ಲಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ವಿಮಾನದಲ್ಲಿ ಕೊಕ್ಕೆ, ದಾರ ಕತ್ತರಿಸುವ ನಿಪ್ಪರ್ ಎಲ್ಲ ಚೆಕ್-ಇನ್ ಬ್ಯಾಗಿಗೆ. ಮೀನುಗಾರಿಕೆ ಇಲಾಖೆಯ ಪರ್ಮಿಟ್ ಮರೆಯಬೇಡಿ.

ಪ್ರಶ್ನೆ: 60 ದಾಟಿದೆ. ಸ್ಪೂಲಿನ ಮೇಲಿನ ಅಕ್ಷರ ಕಾಣುವುದಿಲ್ಲ. 5ಎಕ್ಸ್ ಅಂತ 6ಎಕ್ಸ್ ಕಟ್ಟಿ ಮೀನು ಕಳೆದುಕೊಂಡೆ.
— ಓದುಗರು, ಸ್ಯಾಕ್ರಮೆಂಟೊ

ಮನೆಯವರ ನೇಲ್ ಪಾಲಿಶ್ ಕೇಳಿ ತನ್ನಿ. 4ಕ್ಕೆ ಕೆಂಪು ಚುಕ್ಕೆ, 5ಕ್ಕೆ ಬಿಳಿ, 6ಕ್ಕೆ ಏನೂ ಬೇಡ. ಎರಡು ಮೂರು ಸಲ ಬಳಿದರೆ ಚುಕ್ಕೆ ಉಬ್ಬುತ್ತದೆ, ಮುಸ್ಸಂಜೆಯಲ್ಲೂ ಉಗುರಿಗೆ ಸಿಗುತ್ತದೆ. ಚುಕ್ಕೆ ಸ್ಪೂಲಿನ ಬದಿಗಿರಲಿ, ದಾರಕ್ಕೆ ತಾಗಬಾರದು.

ಪ್ರಶ್ನೆ: ಕತ್ತರಿಸಿದ ಚೂರುಗಳನ್ನು ಏನು ಮಾಡುತ್ತೀರಿ, ಅಕ್ಕ? ನಮ್ಮ ಜೊತೆಯವರು ನೀರಿಗೇ ಬಿಡುತ್ತಾರೆ.
— ಓದುಗರು, ಬೋಲ್ಡರ್

ಅವರಿಗೆ ಈ ಪುಟ ತೋರಿಸಿ. ನೈಲಾನ್ ಕೊಳೆಯುವ ವಸ್ತು ಅಲ್ಲ, ಫ್ಲೂರೋಕಾರ್ಬನ್ ಅಂತೂ ಮೊದಲೇ ಅಲ್ಲ. ನೀರಿಗೆ ಬಿಟ್ಟ ಎಳೆ ದಂಡೆಯ ಪೊದೆಗೆ ಸುತ್ತಿಕೊಳ್ಳುತ್ತದೆ, ಅಲ್ಲಿಂದ ಹಕ್ಕಿಯ ಕಾಲಿಗೆ. ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ, ಮಾತ್ರೆಯದ್ದಾದರೂ ಸರಿ. ಮುಚ್ಚಳದಲ್ಲಿ ಬ್ಲೇಡಿನಿಂದ ಅಡ್ಡಕ್ಕೆ ಒಂದು ಸೀಳು ಮಾಡಿ. ಒಳಗೆ ವೆಲ್ಕ್ರೋದ ಮುಳ್ಳಿನ ಕಡೆಯದ್ದೊಂದು ತುಂಡು ಅಂಟಿಸಿ. ಸೀಳಿನಿಂದ ತಳ್ಳಿದ ಚೂರು ಅದಕ್ಕೆ ಹಿಡಿದುಕೊಳ್ಳುತ್ತದೆ, ಡಬ್ಬಿ ತೆರೆದರೂ ಹಾರುವುದಿಲ್ಲ. ಚೀಲದ ಎಡಗಡೆ ನೇತುಹಾಕಿ, ನಿಪ್ಪರ್ ಬಲಗಡೆ. ತುಂಬಿದ ಮೇಲೆ ಕೆಲವು ಗಾಳದ ಅಂಗಡಿಗಳಲ್ಲಿ ಹಳೆ ದಾರ ಹಾಕುವ ಪೆಟ್ಟಿಗೆ ಇರುತ್ತದೆ, ಅಲ್ಲಿ ಕೊಡಿ. ಇಲ್ಲದಿದ್ದರೆ ಚಿಕ್ಕ ಚಿಕ್ಕ ತುಂಡು ಮಾಡಿ ಮನೆಯ ಕಸಕ್ಕೆ ಹಾಕಿ.