ಅಂಗುಳ ತೆಗೆದ ಮೇಲೆ ಊಟ, ಮಾತು ಮತ್ತೆ ಆಗುತ್ತಾ?

ನಿಮ್ಮ ತಂದೆಯವರಿಗೆ ಮೇಲ್ದವಡೆಯ ಕ್ಯಾನ್ಸರ್, ಮುಂದಿನ ವಾರ ಆಪರೇಷನ್, ಅಂಗುಳದ ಒಂದು ಬದಿ ತೆಗೆಯುತ್ತಾರೆ ಅಂತ ಬರೆದಿದ್ದೀರಿ. ಆಮೇಲೆ ಊಟ, ಮಾತು ಸಾಧ್ಯವಾ ಅಂತ ಕೇಳಿದ್ದೀರಿ. ಬಹಳಷ್ಟು ಮಟ್ಟಿಗೆ ಸಾಧ್ಯ. ಇಂಥವರಿಗೆ ಹಲ್ಲಿನ ಸೆಟ್ ಮಾಡಿಕೊಡುವುದೇ ನನ್ನ ಕೆಲಸ, ನಾನು ಪ್ರೊಸ್ಥೊಡಾಂಟಿಸ್ಟ್. ಆದರೆ ಒಂದು ಕೆಲಸ ಈಗಲೇ ಆಗಬೇಕು: ಆಪರೇಷನ್‌ಗೆ ಮುಂಚೆ ಬಾಯಿಯ ಅಚ್ಚು ತೆಗೆಸಿ.

ಅಂಗುಳದಲ್ಲಿ ತೂತಾದರೆ ಬಾಯಿ, ಮೂಗು ಒಂದಾಗುತ್ತವೆ. ಕುಡಿದ ನೀರು ಮೂಗಿನಿಂದ ಬರುತ್ತದೆ. 'ಬಾಬು' ಅಂದರೆ 'ಮಾಮು' ಅಂತ ಕೇಳುತ್ತದೆ. ಆ ತೂತನ್ನು ಮುಚ್ಚುವ ಸೆಟ್‌ಗೆ ಆಬ್ಚುರೇಟರ್ ಅನ್ನುತ್ತಾರೆ. ಮುಂಚೆಯೇ ಅಚ್ಚು ಇದ್ದರೆ, ಎಷ್ಟು ಭಾಗ ತೆಗೆಯುತ್ತೇವೆ ಅಂತ ಸರ್ಜನ್ ಅದರ ಮೇಲೆ ಗೆರೆ ಹಾಕಿ ಕೊಡುತ್ತಾರೆ. ಅದನ್ನು ನೋಡಿ ಮಾಡಿದ ಪ್ಲೇಟನ್ನು ಥಿಯೇಟರಿನಲ್ಲೇ ಕೂರಿಸಬಹುದು.

ಗಾಯ ಮಾಗುತ್ತಾ ತೂತಿನ ಆಕಾರ ಬದಲಾಗುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ತಾತ್ಕಾಲಿಕ ಸೆಟ್, ಅದಕ್ಕೆ ಆಗಾಗ ರಿಪೇರಿ. ಕಾಯಂ ಸೆಟ್ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ, ರೇಡಿಯೇಷನ್ ಇದ್ದರೆ ಇನ್ನೂ ತಡ. ತೂತಿನೊಳಗೆ ಹೋಗುವ ಉಂಡೆ ಒಳಗೆ ಟೊಳ್ಳು, ಭಾರವಾದರೆ ಜಾರುತ್ತದೆ ಅಲ್ವಾ. ಅದನ್ನು ಹಿಡಿದಿಡುವುದು ಉಳಿದ ಹಲ್ಲುಗಳು. ಅದಕ್ಕೇ, ಒಳ್ಳೆ ಹಲ್ಲನ್ನು ಸುಮ್ನೆ ಕೀಳಿಸಬೇಡಿ. ಹಾಳಾದವನ್ನು ಮಾತ್ರ ರೇಡಿಯೇಷನ್‌ಗೆ ಮುಂಚೆಯೇ ತೆಗೆಸಿ. ಆಮೇಲೆ ತೆಗೆದರೆ ಮೂಳೆ ಮಾಗದೇ ಕೊಳೆಯುವ ಅಪಾಯ ಜಾಸ್ತಿ.

ಮನೆಯವರು ಮರೆಯುವುದು ಬಾಯಿ ತೆರೆಯುವ ವ್ಯಾಯಾಮ. ರೇಡಿಯೇಷನ್ ಆದಮೇಲೆ ದವಡೆ ಬಿಗಿಯುತ್ತದೆ. ಗುಟ್ಕಾ ತಿಂದವರಲ್ಲಿ ಮೊದಲೇ ಬಿಗಿದಿರಬಹುದು. ಬಾಯಿ ತೆರೆಯದಿದ್ದರೆ ಎಂಥ ಸೆಟ್ಟೂ ಒಳಗೆ ಹೋಗದು. ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ಮಧ್ಯೆ ಇಟ್ಟು, ದಿನ ಕಳೆದಂತೆ ಒಂದೊಂದೇ ಹೆಚ್ಚಿಸುತ್ತಾರೆ. ಯಾವಾಗ ಶುರು ಮಾಡಬೇಕು ಅಂತ ಸರ್ಜನ್ ಹೇಳಲಿ.

ಊಟ ಆದಮೇಲೆ ಸೆಟ್ ತೆಗೆದು ಮೃದು ಬ್ರಷ್‌ನಿಂದ ತೊಳೆಯಿರಿ. ಬಿಸಿನೀರು ಬೇಡ, ಸೆಟ್‌ನ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಸೊಟ್ಟಗಾಗುತ್ತದೆ. ಮೊದಮೊದಲು ಕಿರಿಕಿರಿ ಇದ್ದೇ ಇರುತ್ತದೆ. ಹೆಸರಾಂತ ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್ ಅವರಿಗೂ 1923ರಲ್ಲಿ ಇದೇ ಆಪರೇಷನ್ ಆಗಿತ್ತು; ಅವರ ಸೆಟ್‌ಗೆ ಮನೆಯಲ್ಲಿ ಇಟ್ಟ ಹೆಸರು 'ರಾಕ್ಷಸ'. ಈಗಿನವು ಅಷ್ಟು ಕಾಟ ಕೊಡುವುದಿಲ್ಲ, ಆದರೂ ಒತ್ತಿದ ಕಡೆ ಹುಣ್ಣಾದರೆ ಮನೆಯಲ್ಲಿ ಉಜ್ಜಿ ಸರಿಮಾಡಲು ಹೋಗಬೇಡಿ, ನಮ್ಮಂಥವರ ಹತ್ತಿರ ಬನ್ನಿ.

ಕೆಲವೊಮ್ಮೆ ತೊಡೆಯ ಅಥವಾ ಕಾಲಿನ ಮಾಂಸ ತಂದು ತೂತನ್ನೇ ಮುಚ್ಚುತ್ತಾರೆ. ಇವರಿಗೆ ಯಾವುದು ಅಂತ ನಾಳೆಯೇ ಸರ್ಜನ್ ಹತ್ತಿರ ಕೇಳಿ. ಅವರಲ್ಲಿ ಪ್ರೊಸ್ಥೊಡಾಂಟಿಸ್ಟ್ ಇಲ್ಲದಿದ್ದರೆ ಹತ್ತಿರದ ಡೆಂಟಲ್ ಕಾಲೇಜಿಗೆ ಸ್ಕ್ಯಾನ್ ರಿಪೋರ್ಟ್ ಹಿಡಿದು ಹೋಗಿ.