ಪ್ರತಿ: ನವೆಂಬರ್‌ನಲ್ಲೇ ಎರಡು ಮ್ಯಾಚ್ ಸೋತ್ರೆ ಸೀಸನ್ ಮುಗೀತಾ?

ಅಮೆರಿಕದ ಕಾಲೇಜ್ ಬಾಸ್ಕೆಟ್‌ಬಾಲ್‌ನಲ್ಲಿ ನಿಮ್ ಟೀಮ್ ಐದ್ರಲ್ಲಿ ಎರಡು ಸೋತಿದ್ದಕ್ಕೆ ಮಾರ್ಚ್‌ನ ರಾಷ್ಟ್ರೀಯ ಟೂರ್ನಮೆಂಟ್ ಆಸೆ ಬಿಡ್ಬೇಕಾ, ಆ ಫ್ರೆಶ್‌ಮನ್ (ಮೊದಲ ವರ್ಷದ) ಪಾಯಿಂಟ್ ಗಾರ್ಡ್‌ನ, ಅಂದ್ರೆ ಬಾಲ್ ತಂದು ಆಟ ನಡೆಸೋ ಹುಡುಗನ್ನ, ಬೆಂಚ್‌ನಲ್ಲಿ ಕೂರಿಸ್ಬೇಕಾ ಅಂತ ಕೇಳಿದೀರ, ನನ್ ಪ್ರಕಾರ ಎರಡೂ ಬೇಡ. ಟ್ರಾನ್ಸ್‌ಫರ್ ಪೋರ್ಟಲ್ (ಆಟಗಾರರು ಕಾಲೇಜ್ ಬದಲಿಸೋ ವ್ಯವಸ್ಥೆ) ಬಂದ್ಮೇಲೆ ಎಷ್ಟೋ ಟೀಮ್‌ಗಳಲ್ಲಿ ಅರ್ಧಕ್ಕರ್ಧ ಹೊಸಬ್ರೇ, ಯಾರು ಎಲ್ಲಿ ನಿಂತು ಪಾಸ್ ತಗೋತಾರೆ ಅನ್ನೋದೇ ಒಬ್ರಿಗೊಬ್ರಿಗೆ ಗೊತ್ತಿರಲ್ಲ, ಟರ್ನೋವರ್ (ಬಾಲ್ ಎದುರಾಳಿ ಕೈಗೆ ಹೋಗೋದು) ಆಗ್ದೆ ಇನ್ನೇನಾಗತ್ತೆ ಹೇಳಿ.

ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ ಟೀಮ್) ಕಥೆ ನೋಡಿ. 2022-23ರಲ್ಲಿ ಮೊದಲ 14 ಮ್ಯಾಚ್ ಗೆದ್ರು, ಆಮೇಲಿನ 8ರಲ್ಲಿ 6 ಸೋತ್ರು, ಕೊನೆಗೆ ಕಪ್ ಎತ್ತಿದ್ದೂ ಅವ್ರೇ, ಅದೂ ಟೂರ್ನಮೆಂಟ್‌ನ ಆರೂ ಮ್ಯಾಚ್ 13 ಪಾಯಿಂಟ್ ಇಲ್ಲಾ ಅದಕ್ಕಿಂತ ಜಾಸ್ತಿ ಅಂತರದಲ್ಲಿ. 2024ರ ನವೆಂಬರ್‌ನಲ್ಲಿ ಹವಾಯಿಯ ಮಾವಿ ಟೂರ್ನಿಯಲ್ಲಿ ಸತತ ಮೂರು ಸೋತಾಗ್ಲೂ ಮಾರ್ಚ್‌ಗೆ ಬಂದೇ ಬಂದ್ರು.

ಮತ್ತೆ ಎಲ್ಲಾ ಸೋಲೂ ಒಂದೇ ಅಲ್ಲ. ಮಾರ್ಚ್ ಟೂರ್ನಮೆಂಟ್‌ಗೆ ಟೀಮ್ ಆರಿಸೋವಾಗ ನೋಡೋ ನೆಟ್ ರ‍್ಯಾಂಕಿಂಗ್‌ನಲ್ಲಿ 75ರೊಳಗಿರೋ ಟೀಮ್ ಜೊತೆ ಅವ್ರ ಕೋರ್ಟ್‌ನಲ್ಲೇ ಆಡಿದ್ರೆ ಅದು ಕ್ವಾಡ್ 1 ಮ್ಯಾಚ್, ಅಂದ್ರೆ ಅತಿ ಕಷ್ಟದ ಗುಂಪಿನದು, ಸೋತ್ರೂ ಅಷ್ಟೇನೂ ಏಟು ಬೀಳಲ್ಲ. ಆದ್ರೆ ಹೋಮ್ ಕೋರ್ಟ್‌ನಲ್ಲಿ ಚಿಲ್ಲರೆ ಟೀಮ್‌ಗೆ ಸೋತಿದ್ರೆ ಮಾತ್ರ ಸೆಲೆಕ್ಷನ್ ಟೈಮಲ್ಲಿ ಕಾಡತ್ತೆ, ಅದನ್ನ ನೀವೇ ಚೆಕ್ ಮಾಡ್ಕೊಳ್ಳಿ.

ಆ ಹುಡುಗನ್ ವಿಷ್ಯಕ್ಕೆ ಬಂದ್ರೆ, ಮೂರು ಪಾಯಿಂಟ್ ಶಾಟ್ ಬೀಳ್ತಿಲ್ಲ ಅನ್ನೋದನ್ನ ಬಿಟ್ಟಾಕಿ, ಎದುರಾಳಿ ಪ್ರೆಸ್ ಹಾಕ್ದಾಗ (ಮೈಮೇಲೆ ಬಂದು ಒತ್ತಡ ಹಾಕ್ದಾಗ) ಏನ್ಮಾಡ್ತಾನೆ ನೋಡಿ. ಹಾಫ್ ಲೈನ್ ದಾಟಿದ ಕೂಡ್ಲೇ ಸೈಡ್‌ಲೈನ್ ಮೂಲೆಗೆ ಹೋಗಿ ಡ್ರಿಬಲ್ (ಬಾಲ್ ಪುಟಿಸೋದು) ನಿಲ್ಲಿಸಿಬಿಟ್ರೆ ಇಬ್ರು ಮುತ್ಕೋತಾರೆ, ಕೆಲಸ ಕೆಟ್ಟಂಗೆ. ಕಾನ್ಫರೆನ್ಸ್ (ತಮ್ಮದೇ ಲೀಗ್‌ನ) ಮ್ಯಾಚ್ ಶುರು ಆದ್ಮೇಲೂ ಅದೇ ಮಾಡ್ತಿದ್ರೆ ಆಗ ಕೂರಿಸ್ಲಿ ಬಿಡಿ, ನಾನೂ ನಿಮ್ ಜೊತೆ ಸೇರಿ ಕೋಚ್‌ನ ಬೈತೀನಿ 😄